ಒಣಗದ ಮುಚ್ಚಳ

ಜಿಫಾ ಶವಪೆಟ್ಟಿಗೆಯ ಮೇಲಿಂದ ಕೈ ಎತ್ತಲು ಹೋದಳು, ಅದು ಬರಲಿಲ್ಲ. ಗಂಡನ ಎದೆ ಇರುವ ಜಾಗವೆಂದು ಮುಚ್ಚಳಕ್ಕೆ ಅಂಗೈ ಊರಿ ಅಳುತ್ತಿದ್ದವಳು ಜೋರಾಗಿ ಎಳೆದುಕೊಂಡು ಬೆರಳು ನೋಡಿಕೊಂಡಳು. ಕೈಯೆಲ್ಲ ಅಂಟು. ಹೊಳೆಯುವ ರಾಳದಲ್ಲಿ ಅವಳ ಐದು ಬೆರಳೂ ಮೂಡಿದ್ದವು. ಅವಳ ತೋಳಿನ ಕಪ್ಪು ಬಟ್ಟೆಯ ನೂಲೂ ಅಲ್ಲೇ ಉಳಿದಿತ್ತು.

ಶಾಮಿಯಾನದ ಕೆಳಗಿನ ಹಾಡು ತಡವರಿಸಿ ನಿಂತಿತು. ಪೆಟ್ಟಿಗೆ ಮಾಡಿ ತಂದಿದ್ದ ಅಗ್ಬೆಕೊ ತಲೆ ತಗ್ಗಿಸಿದ. ಜಿಫಾಳ ಗಂಡ ಕೊರ್ಕು ಇಷ್ಟು ವರ್ಷ ದುಡಿದದ್ದು ಕಡಲ ದಂಡೆಯ ಕೇಟಾ ಪೇಟೆಯಲ್ಲಿದ್ದ ಅಗ್ಬೆಕೊನ ಮರಗೆಲಸದ ಅಂಗಡಿಯಲ್ಲೇ. ಇನ್ನೊಬ್ಬ ಕೆಲಸಗಾರ ಎಲಿಕೆಮ್ ಕರವಸ್ತ್ರದಿಂದ ಒರೆಸಲು ಹೋದ, ಕರವಸ್ತ್ರವೂ ಅಂಟಿಕೊಂಡಿತು.

ಕೊರ್ಕುವಿನ ಅಕ್ಕ ಕೂತಲ್ಲಿಂದ ಏಳದೆ ಅಗ್ಬೆಕೊಗೆ ಹೇಳಿದಳು: "ಜೀವಮಾನವೆಲ್ಲ ನಿನ್ನ ಮರ ಉಜ್ಜಿದ ನನ್ನ ತಮ್ಮ. ಒಣಗಿದ ಮುಚ್ಚಳ ಒಂದು ಕೊಡೋಕಾಗ್ಲಿಲ್ವೇನಪ್ಪ ಅವನಿಗೆ?"

*

ಒಣಗಿದರೆ ಗಾಜಿನಂತೆ ಹೊಳೆಯುವ ರಾಳವನ್ನು ಕಲಸಿ ಮರದ ಮೇಲೆ ಸುರಿಯುವುದು ಅಗ್ಬೆಕೊನ ಕೆಲಸ. ಅದಕ್ಕೆ ಮೊದಲಿನದೆಲ್ಲ ಕೊರ್ಕುವಿನದು. ಹಳೆಯ ಎಣ್ಣೆ, ಮೇಣ ಕೆರೆದು, ಒರಟು ಮರಳುಕಾಗದದಿಂದ ಶುರುಮಾಡಿ ನಯವಾದದ್ದರವರೆಗೆ ಮರದ ಎಳೆಯ ಉದ್ದಕ್ಕೇ ಉಜ್ಜುತ್ತಿದ್ದ. ಧೂಳು ಒರೆಸಿ, ಗುಳ್ಳೆ ಏಳದಂತೆ ತೆಳ್ಳಗೆ ಒಂದು ಕೈ ರಾಳ ಬಳಿದು ಮರದ ರಂಧ್ರ ಮುಚ್ಚುತ್ತಿದ್ದ. ಅದನ್ನು ಬಳಿಯುವ ಮುಂಚೆ ಹಲಗೆಗೆ ಕೆನ್ನೆ ಒತ್ತಿ ಸುಮ್ಮನೆ ನಿಲ್ಲುವನು. ತಣ್ಣಗಿದ್ದರೆ ಒಳಗಿನ್ನೂ ತೇವವಿದೆ, ಅದರ ಮೇಲೆ ಸುರಿದ ರಾಳ ಗಟ್ಟಿಯಾಗದೆ ಅಂಟಾಗಿಯೇ ಉಳಿಯುತ್ತದೆ.

"ಮರಕ್ಕೆ ಮುತ್ತು ಕೊಟ್ಟಿದ್ದು ಸಾಕು ಮಾರಾಯ, ಗಿರಾಕಿ ಬಂದು ಕೂತಿದಾನೆ," ಎಂದು ಅಗ್ಬೆಕೊ ರೇಗಿಸುತ್ತಿದ್ದ.

"ಇನ್ನೂ ತಣ್ಣಗಿದೆ ಯಜಮಾನ್ರೆ. ನಾಳೆ ನೋಡೋಣ."

ಗಿರಾಕಿ ಒಳಗೆ ಬಂದರೆ ಮಾತ್ರ ಕೊರ್ಕು ಹಿತ್ತಲಿಗೆ ಹೋಗಬೇಕು. ರೆಪ್ಪೆಯಲ್ಲೂ ಧೂಳು ಕೂತ ಆಳು ಎದುರಿಗಿದ್ದರೆ ಅಂಗಡಿಗೆ ಶೋಭೆಯಲ್ಲ ಎನ್ನುವುದು ಅಗ್ಬೆಕೊನ ಎಣಿಕೆ. ಒಮ್ಮೆ ಮೇಜು ಕೊಳ್ಳಲು ಬಂದ ಹೆಂಗಸೊಬ್ಬಳು ಅದರ ನುಣುಪು ಸವರಿ, ಇದನ್ನು ಉಜ್ಜಿದವರು ಯಾರು ಎಂದು ಕೇಳಿದಳು.

"ನಾನೇ," ಎಂದ ಅಗ್ಬೆಕೊ.

ಬಾಗಿಲಾಚೆ ಕೊರ್ಕು ಕೆಮ್ಮು ತಡೆದುಕೊಂಡು ನಿಂತಿದ್ದ.

ಕೊನೆಗೆ ಆ ಕೆಮ್ಮಿನಲ್ಲೇ ತೀರಿಹೋದ. ಕನ್ನಡಿಯಂಥ ಮುಚ್ಚಳದ ಪೆಟ್ಟಿಗೆ ನಾನೇ ಮಾಡಿಕೊಡುತ್ತೇನೆಂದು ಅಗ್ಬೆಕೊ ಊರಿಗೆಲ್ಲ ಹೇಳಿಕೊಂಡ. ಉಜ್ಜುವ ಕೆಲಸ ಎಲಿಕೆಮ್‌ನ ಪಾಲಿಗೆ ಬಂತು. ಮರ ಹಸಿಯಿದ್ದಂತಿದೆ, ಕಾಯೋಣ ಎಂದು ಅವನು ಹೇಳಿಯೂ ಹೇಳಿದ. ಶನಿವಾರ ಮಣ್ಣಿಗೆ ಜನ ಸೇರುತ್ತಾರೆ, ಆಗುವುದಿಲ್ಲ ಎಂದು ಅಗ್ಬೆಕೊ ಅವಸರದಲ್ಲಿ ರಾಳ ಕಲಸಿ ಸುರಿದೇಬಿಟ್ಟ. ಶನಿವಾರ ಬೆಳಿಗ್ಗೆ ಪೆಟ್ಟಿಗೆಯನ್ನು ಗಾಡಿಯಿಂದ ಇಳಿಸುವಾಗ ಅವನ ಹೆಬ್ಬೆರಳಿಗೆ ಅಂಟು ಹತ್ತಿತ್ತು. ಯಾರೂ ಮುಟ್ಟಲಾರರು ಎಂದುಕೊಂಡ.

*

ಅಗ್ಬೆಕೊ ಜಿಫಾಳ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಿದ: "ಮುಚ್ಚಳ ಬಿಚ್ಚಿ ಒಯ್ತೀನಿ ತಾಯಿ. ಬೇರೆ ಮಾಡಿ ತರ್ತೀನಿ."

ಅವಳು ಕೈಯ ಅಂಟನ್ನು ಬಟ್ಟೆಗೆ ಒರೆಸಿಕೊಳ್ಳುತ್ತಿದ್ದಳು. "ಉಜ್ಜೋರು ಯಾರು ಈಗ?" ಎಂದಳು.

ಪೆಟ್ಟಿಗೆ ಎತ್ತಿ ಎಂದು ಅವಳೇ ಹೇಳಿದಳು.

ಸ್ಮಶಾನದಲ್ಲಿ ಕಡಲ ಗಾಳಿ ಬೀಸುತ್ತಿತ್ತು. ಪಾದ್ರಿಯ ಪ್ರಾರ್ಥನೆ ಮುಗಿದು ಒಬ್ಬೊಬ್ಬರೇ ಹಿಡಿ ಮರಳು ಹಾಕಿದರು. ನುಣುಪು ಮುಚ್ಚಳದ ಮೇಲಿಂದ ಜಾರಿ ಬೀಳಬೇಕಾದ ಮರಳು ಬಿದ್ದಲ್ಲೇ ಅಂಟಿ ಕೂತಿತು. ಅಗ್ಬೆಕೊನ ಸರದಿ ಬಂತು. ಅವನು ಬಗ್ಗಿ ಹಿಡಿ ತುಂಬಿಕೊಂಡ, ಗುಂಡಿಯ ಮೇಲೆ ಕೈ ಚಾಚಿದ, ಮುಚ್ಚಳದಲ್ಲಿ ಇನ್ನೂ ಮುಚ್ಚಿಹೋಗದ ಜಿಫಾಳ ಬೆರಳ ಗುರುತು ಕಂಡು ಮತ್ತೆ ಹಿಂದಕ್ಕೆಳೆದುಕೊಂಡ. ಹಿಂದಿನವರು ಕಾಯುತ್ತಿದ್ದರು. ಅವನ ಬಿಗಿದ ಮುಷ್ಟಿಯಿಂದ ಮರಳು ಪಾಲಿಶ್ ಮಾಡಿದ ಬೂಟುಗಳ ಮೇಲೆ ಸೋರುತ್ತಿತ್ತು.