ಬಿರುಕಿನಲ್ಲಿ ಸಿಕ್ಕ ಕಾಲು

ಕೊಟ್ರಪ್ಪ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಕೆಲಸದವನು. ಬಂಡೆ ಹತ್ತುವ ಕೆಲವರು ಲಾರಿಯ ದಪ್ಪ ನಟ್ಟುಗಳನ್ನು ತಂದು, ಹಗ್ಗ ಕೊಯ್ಯದಂತೆ ಒಳಗಿನ ಥ್ರೆಡ್ ಸವೆಸಿಕೊಡಿ ಎಂದು ಕೇಳಿದ್ದರು. ಹಗ್ಗದ ಕುಣಿಕೆ ಪೋಣಿಸಿ ಬಿರುಕಿಗೆ ಸಿಕ್ಕಿಸಿದರೆ ಜಾರಿದವರನ್ನು ಆ ನಟ್ಟೇ ಹಿಡಿಯುತ್ತದಂತೆ. ವಿದೇಶದ ಸಾಮಾನು ಇಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ತಾನು ಮಾಡಿದ್ದು ನಿಜಕ್ಕೂ ಹಿಡಿಯುತ್ತದೆಯೇ ಎಂದು ನೋಡಲು ಹೋದ ಕೊಟ್ರಪ್ಪ, ನಲವತ್ತೆರಡನೇ ವಯಸ್ಸಿನಲ್ಲಿ ತಾನೂ ಹತ್ತಲು ಕಲಿತ.

2003ರ ಮಾರ್ಚಿನ ಒಂದು ಭಾನುವಾರ ಕೆಂಗೇರಿ ಆಚೆಯ ಬಂಡೆಗೆ ಅವನ ಜೊತೆ ಬಂದವಳು ಚೇತನಾ ಒಬ್ಬಳೇ. ಬಸವೇಶ್ವರನಗರದ ಕ್ಲಿನಿಕ್ಕೊಂದರಲ್ಲಿ ಲ್ಯಾಬ್ ಕೆಲಸ ಅವಳದು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ದಾರಿಯಲ್ಲಿ ಸಿಕ್ಕಿಸಿದ ನಟ್ಟುಗಳ ಕುಣಿಕೆಗೆ ಅದನ್ನು ಹಾಯಿಸುತ್ತಾ ಅವಳು ಮುಂದೆ ಹತ್ತಿದಳು, ಅವನು ಕೆಳಗೆ ಹಗ್ಗದ ಇನ್ನೊಂದು ಕಡೆ ಹಿಡಿದು ನಿಂತ. ನಲವತ್ತು ಅಡಿ ಮೇಲೆ ಬಿರುಕು ಅಗಲವಾಯಿತು. ಆಸರೆಗೆಂದು ಅವಳು ಬಲಮೊಣಕಾಲನ್ನು ಒಳಗೆ ತೂರಿಸಿದಳು. ಅದು ಮತ್ತೆ ಹೊರಬರಲಿಲ್ಲ.

"ಅಣ್ಣಾ, ಕಾಲು ಸಿಕ್ಕಾಕೊಂಡಿದೆ. ಬರ್ತಾನೇ ಇಲ್ಲ!"

"ಎಳೀಬ್ಯಾಡವ್ವ. ಎಳದಷ್ಟೂ ಬಾತುಕೊಳ್ತದ. ನಟ್ಟು ಎಷ್ಟದಾವು?"

"ಎರಡೇ. ಎರಡೂ ಚಿಕ್ಕವು. ಇಲ್ಲಿ ನಿಲ್ಲಲ್ಲ."

ಅವಳು ಸಿಕ್ಕಿಸಿದ್ದ ಕೊನೆಯ ನಟ್ಟು ಇಪ್ಪತ್ತು ಅಡಿ ಕೆಳಗಿತ್ತು. ಕಾಲು ತಟ್ಟನೆ ಬಿಟ್ಟುಕೊಂಡರೆ ಹಗ್ಗ ಬಿಗಿಯುವಷ್ಟರಲ್ಲಿ ಆ ನಟ್ಟಿಗಿಂತಲೂ ಇಪ್ಪತ್ತು ಅಡಿ ಕೆಳಗೆ, ನೆಲಕ್ಕೇ ಬೀಳುತ್ತಾಳೆ. ಬಿಟ್ಟುಕೊಳ್ಳದಿದ್ದರೆ ಅಲ್ಲೇ ಇರಬೇಕು. ಕೊಟ್ರಪ್ಪ ಜನರನ್ನು ಕರೆತರಲು ಹೋಗುವಂತಿಲ್ಲ, ಹಗ್ಗ ಅವನ ಕೈಯಲ್ಲಿದೆ. ಇಬ್ಬರೂ ಗಂಟಲು ಹರಿಯುವಂತೆ ಕೂಗಿದರು. ಯಾರೂ ಬರಲಿಲ್ಲ. ಬಿಸಿಲು ಏರಿತು. ಅರ್ಧ ಗಂಟೆಯಲ್ಲಿ ಅವಳ ಕಾಲ್ಬೆರಳುಗಳು ಜೋಮು ಹಿಡಿದವು, ಎಡಗಾಲು ನಡುಗತೊಡಗಿತು.

"ಚೇತನಾ, ಬಿರುಕಿನೊಳಗ ಕಲ್ಲೇನರ ಸಿಕ್ಕೊಂಡದೇನು ನೋಡು."

"ಕಲ್ಲಾ?"

"ಹೂಂ. ಈ ನಟ್ಟು ಬರೋಕ್ ಮುಂಚೆ ಬಂಡೆಗೆ ಕಬ್ಬಿಣದ ಮೊಳೆ ಹೊಡೀತಿದ್ರಂತ. ಮೊಳೇನೂ ಇಲ್ದಾಗ ಬರೇ ಕಲ್ಲು. ಬಿರುಕಿನಾಗ ಬಿಗಿಯಾಗಿ ಕುಂತ ಕಲ್ಲಿಗೆ ಹಗ್ಗ ಸುತ್ತಿ ಜೀವ ಉಳಿಸ್ಕೊಳ್ತಿದ್ರಂತ."

ಅವಳು ತಲೆಯ ಮಟ್ಟದಲ್ಲಿ ಬಿರುಕಿನೊಳಗೆ ಭುಜದವರೆಗೂ ಕೈ ಹಾಕಿದಳು. ತೆಂಗಿನಕಾಯಿ ಗಾತ್ರದ ಕಲ್ಲೊಂದು ತಗುಲಿತು. ಅಲುಗಾಡಿಸಿದಳು, ಮಿಸುಕಲಿಲ್ಲ. ಹೆಗಲಿಗೆ ಹಾಕಿಕೊಂಡಿದ್ದ ನೈಲಾನ್ ಪಟ್ಟಿಯನ್ನು ಒಂದೇ ಕೈಯಲ್ಲಿ ಅದರ ಹಿಂದೆ ತೂರಿಸಲು ಹೋದರೆ ಎರಡು ಸಲ ಜಾರಿತು. ಮೂರನೇ ಸಲ ತುದಿ ಬೆರಳಿಗೆ ಸಿಕ್ಕಿತು. ಪಟ್ಟಿಗೆ ಕೊಂಡಿ, ಕೊಂಡಿಗೆ ಹಗ್ಗ.

"ಬಿಗಿ ಮಾಡಿ, ಅಣ್ಣಾ!"

ಭಾರ ಬಿದ್ದಿದ್ದೇ ಕಲ್ಲು ಕರಕರ ಎಂದು ಒಂದಿಷ್ಟು ಕೆಳಗೆ ಸರಿಯಿತು. ಅವಳು ಕಣ್ಣು ಮುಚ್ಚಿಕೊಂಡಳು. ಕಲ್ಲು ನಿಂತಿತು. ಮೈಭಾರ ಹಗ್ಗಕ್ಕೆ ಹೋದ ಮೇಲೆ ಕಾಲನ್ನು ಹೊರಗೆಳೆಯದೆ ಮೇಲಕ್ಕೆ ತಳ್ಳಿದಳು. ಪ್ಯಾಂಟು ಹರಿಯಿತು, ಚರ್ಮ ಕಿತ್ತುಬಂತು, ಕಾಲೂ ಬಂತು.

ಕೊಟ್ರಪ್ಪ ಹಗ್ಗ ಸ್ವಲ್ಪಸ್ವಲ್ಪವೇ ಬಿಡುತ್ತಾ ಅವಳನ್ನು ಕೆಳಗಿಳಿಸಿದ. ನೆಲಕ್ಕೆ ಕೂತು ಅವಳು ಕೇಳಿದಳು, "ಆ ಕಲ್ಲು ನಿಲ್ಲತ್ತೆ ಅಂತ ನಿಮಗೆ ಗೊತ್ತಿತ್ತಾ?"

"ಇಲ್ಲವ್ವ," ಎಂದ ಕೊಟ್ರಪ್ಪ.

ಅವನ ಮುಷ್ಟಿ ಇನ್ನೂ ಹಗ್ಗದ ಮೇಲಿತ್ತು. ಬಿಡಲು ನೋಡಿದ, ಬೆರಳು ಬಿಚ್ಚಿಕೊಳ್ಳಲಿಲ್ಲ. ಚೇತನಾ ಕುಂಟುತ್ತಾ ಹತ್ತಿರ ಬಂದು, ಒಂದೊಂದಾಗಿ ಬಿಡಿಸಿದಳು.