ಅಮ್ಮನ ಬಹುವಚನ

ಸಮಸ್ತ ಪುರಜನರ ಗಮನಕ್ಕೆ: ಈ ದಿನ ಬೆಳಿಗ್ಗೆ ನಮ್ಮ ಲಿಫ್ಟ್ ಮೆಕ್ಯಾನಿಕ್ ಮಹಾಶಯರು ತೂತಿಲ್ಲದ ಒಂದು ಜೊತೆ ಕಾಲುಚೀಲ ಧರಿಸಿದರು. ಬಹುವಚನದ ಮರ್ಯಾದೆ ಇಷ್ಟಕ್ಕೇ ಮುಗಿಯಿತು, ಇನ್ನು ಮುಂದೆ ಏಕವಚನ. ನೋಡಲು ಹೊರಟಿದ್ದ ಮನೆಯ ನೆಲ ಹಳೆಯ ಮರದ್ದು, ಶೂ ಬಾಗಿಲಲ್ಲೇ ಬಿಡಬೇಕೆಂದು ಮನೆ ಒಡತಿ ಫೋನಿನಲ್ಲೇ ತಾಕೀತು ಮಾಡಿದ್ದರು.

ಪರದೇಶದ ಈ ಪುಟ್ಟ ಊರು ಎಷ್ಟು ಹಳೆಯದೆಂದರೆ, ಗೋಡೆಗೊಂದು ಮೊಳೆ ಹೊಡೆಯಲೂ ಚರಿತ್ರೆಯ ಅನುಮತಿ ಬೇಕು. ಲಿಫ್ಟ್ ಇರುವುದು ಆಸ್ಪತ್ರೆಯಲ್ಲಿ ಮಾತ್ರ. ಅದನ್ನು ನೋಡಿಕೊಳ್ಳಲು ಬಂದವನು ಹೆಂಡತಿ, ಅಮ್ಮನ ಜೊತೆ ಬೇಕರಿಯ ಮೇಲಿನ ಒಂದೇ ಕೋಣೆಯಲ್ಲಿದ್ದ. ಅದನ್ನೂ ತಿಂಗಳ ಕೊನೆಗೆ ಬಿಡಬೇಕಿತ್ತು. ದಿನವೆಲ್ಲ ಊರ ಜನರನ್ನು ಮೇಲೆತ್ತುವವನಿಗೆ ತನ್ನ ಸಂಸಾರವನ್ನು ಇಳಿಸಲು ಜಾಗವಿರಲಿಲ್ಲ.

ಕೊನೆಗೆ ಕೋಟೆಗೋಡೆಗೆ ಆತುಕೊಂಡ ಮನೆಯೊಂದು ಸಿಕ್ಕಿತು. ಷರತ್ತು ಒಂದೇ: ಬಾಡಿಗೆ ಇಬ್ಬರಿಗೆ ಮಾತ್ರ.

"ಅಮ್ಮನ್ನ ಅಡುಗೆಯವರು ಅಂದ್ಬಿಡೋಣ," ಎಂದು ಮೆಕ್ಯಾನಿಕ್ ಹೆಂಡತಿಯ ಕಿವಿಯಲ್ಲಿ ಉಪಾಯ ಊದಿದ. "ಕೆಲಸದವರನ್ನ ಯಾರು ಎಣಿಸ್ತಾರೆ?"

"ಬಾಯಾದ್ರೂ ಹೇಗ್ ಬಂತ್ರೀ ನಿಮಗೆ? ಅತ್ತೆಗೆ ಗೊತ್ತಾದ್ರೆ?"

"ಗೊತ್ತಾಯ್ತು ಕಣಮ್ಮ," ಎಂದಳು ಅಮ್ಮ, ಒಲೆ ಮುಂದಿನಿಂದಲೇ. "ಒಂದೇ ಕೋಣೇಲಿ ಗುಟ್ಟೆಲ್ಲಿಂದ ಬಂತು? ಹೇಗೂ ಅಡುಗೆ ನಾನೇ ಮಾಡೋದು. ವಾರದ ರಜಾ ಯಾವತ್ತು ಅಂತ ಮೊದ್ಲೇ ಹೇಳ್ಬಿಡಪ್ಪ."

ಮನೆ ಚೆನ್ನಾಗಿತ್ತು. ಮೊಳದಷ್ಟು ದಪ್ಪ ಗೋಡೆ, ಬಗ್ಗದವರನ್ನು ಒಳಗೆ ಬಿಡದ ಗಿಡ್ಡ ಬಾಗಿಲು. ಒಡತಿ ನಿವೃತ್ತ ಶಿಕ್ಷಕಿ. ಗಂಡ ಹೆಂಡತಿ ಇಬ್ಬರ ಕೈಯನ್ನೂ ಕುಲುಕಿ, "ಇವರು?" ಎಂದು ಅಮ್ಮನ ಕಡೆ ನೋಡಿದರು.

"ನಮ್ಮ ಅಡುಗೆಯವರು," ಎಂದ ಮೆಕ್ಯಾನಿಕ್, ಆ ಊರಿನ ಭಾಷೆಯಲ್ಲಿ. ಅಭ್ಯಾಸ ಮಾಡಿಕೊಂಡು ಬಂದಿದ್ದರಿಂದ ವ್ಯಾಕರಣ ತಪ್ಪಲಿಲ್ಲ. ತಪ್ಪಿದ್ದು ಬೇರೆ.

ಒಡತಿ ಅಮ್ಮನಿಗೂ ಕೈ ಕೊಟ್ಟು, ಕುರ್ಚಿ ಎಳೆದು ಹಾಕಿದರು. ಅಮ್ಮ ಕೂರಲಿಲ್ಲ.

"ಕೂತ್ಕೋ..." ಎಂದ ಮಗ. ಅದರ ಬಾಲದ "ಅಮ್ಮ" ಗಂಟಲಲ್ಲೇ ಸಿಕ್ಕಿಕೊಂಡಿತು. ಮಾತು ಕಲಿತಾಗಿನಿಂದ ಅವಳನ್ನು ಏಕವಚನದಲ್ಲೇ ಕರೆದವನು. ಬಾಲ ಕತ್ತರಿಸಿದ್ದೇ ತಡ, ಅದೇ ಏಕವಚನ ಆಳಿಗೆ ಕೊಟ್ಟ ಅಪ್ಪಣೆಯ ಹಾಗೆ ಕೇಳಿಸಿತು.

"ನೀವ್ ಹೇಳಿದ್ ಮೇಲೆ ಕೂತ್ಕೋತೀನಿ, ಯಜಮಾನ್ರೇ," ಎಂದಳು ಅಮ್ಮ.

ನೀವು. ಒಡತಿಗೆ ಕನ್ನಡ ಬರುತ್ತಿರಲಿಲ್ಲ. ಹಾಗಾದರೆ ಈ ನಾಟಕ ಯಾರಿಗೆ? ತಮಾಷೆಯಿರಬಹುದು ಎಂದು ಮುಖ ನೋಡಿದ. ಅಲ್ಲಿ ನಗುವಿರಲಿಲ್ಲ.

"ಅಡುಗೆಮನೆ ನೋಡ್ಕೊಂಡ್ ಬರ್ಲಾ? ನಿಮ್ಮ ಅಪ್ಪಣೆ ಆದ್ರೆ."

"ಸುಮ್ನಿರು," ಎಂದು ಪಿಸುಗುಟ್ಟಿದ. ಅದೂ ಅಪ್ಪಣೆಯಾಯಿತು. ಹೆಂಡತಿ ಕಿಟಕಿಯ ಕಡೆ ತಿರುಗಿಕೊಂಡಳು.

"ಇವರು ಸಂಜೆ ಎಲ್ಲಿಗೆ ಹೋಗ್ತಾರೆ?" ಒಡತಿ ಕೇಳಿದರು.

"ಎಲ್ಲೂ ಇಲ್ಲ. ಇಲ್ಲೇ ಇರ್ತಾರೆ."

ಒಡತಿ ಪೆನ್ನಿನ ಮುಚ್ಚಳ ಹಾಕಿದರು. "ಹಾಗಾದ್ರೆ ಆಗಲ್ವಲ್ಲ. ಕೋಟೆ ಒಳಗೆ ಸಂಬಳದವರು ಉಳ್ಕೊಂಡ್ರೆ ಅದು ವಾಸದ ಮನೆ ಅಲ್ಲ, ಕೆಲಸದ ಜಾಗ. ನಗರಸಭೆ ಒಪ್ಪಲ್ಲ."

"ಮೂರನೆಯವರು ಬೇಡ ಅಂದಿದ್ರಿ, ಅದಕ್ಕೆ..."

"ಮೂರನೇ ಬಾಡಿಗೆದಾರರು ಬೇಡ ಅಂದೆ. ಹೆತ್ತವರು ಆ ಲೆಕ್ಕಕ್ಕೆ ಬರಲ್ಲ."

ಅವನು ಕಾಲುಚೀಲ ನೋಡುತ್ತ, "ಇವರು ನಮ್ಮಮ್ಮ," ಎಂದ.

ಒಡತಿ ಒಮ್ಮೆ ಅಮ್ಮನ ಮೂಗು ನೋಡಿದರು, ಒಮ್ಮೆ ಅವನ ಮೂಗು. "ಅಡುಗೆಯವರಾದ್ರೆ ನಗರಸಭೆ ಬಿಡಲ್ಲ. ಅಮ್ಮ ಆದ್ರೆ, ಅಮ್ಮನ್ನ ಅಡುಗೆಯವರು ಅಂದೋರನ್ನ ನಾನು ಒಳಗೆ ಬಿಡಲ್ಲ."

"ಏನಂತೆ?" ಎಂದಳು ಆ ಭಾಷೆ ಬಾರದ ಅಮ್ಮ.

ಅವನು ಶೂ ಹಾಕಿಕೊಳ್ಳಲು ಬಗ್ಗಿದ. ಬಗ್ಗಿದ್ದು ಒಳ್ಳೆಯದಾಯಿತು, ಮುಖ ಕಾಣುತ್ತಿರಲಿಲ್ಲ.

"ಮನೆ ಆಗಲ್ವಂತೆ," ಎಂದ. "ನಿಯಮ ಅಡ್ಡ ಬಂತಂತೆ."