ಓದದೆ ಹಾಕಿದ ಸಹಿ

ನನ್ನ ಗಂಡ ಬಸವಕಿರಣ ನಾನು ಮುಂದಿಟ್ಟ ಯಾವ ಕಾಗದವನ್ನೂ ಓದಿ ಸಹಿ ಮಾಡಿದವರಲ್ಲ. ಮದುವೆಯಾಗಿ ಗದಗಿನಿಂದ ಬೆಂಗಳೂರಿಗೆ ಬಂದ ಹದಿನಾಲ್ಕು ವರ್ಷವೂ ಹಾಗೇ ನಡೆದಿತ್ತು. ಗ್ಯಾಸ್ ಏಜೆನ್ಸಿಗೆ, ಮಗಳ ಶಾಲೆಗೆ, ಕ್ಲಬ್ಬಿಗೆ, ಯಾವ ಪತ್ರವಾದರೂ ಇವರು ಹೇಳುತ್ತಾರೆ, ನಾನು ಬರೆಯುತ್ತೇನೆ, ಇವರು ಸಹಿ ಹಾಕುತ್ತಾರೆ. ನಾನು ಯಲಹಂಕದ ಒಂದು ಕಾಲೇಜಿನಲ್ಲಿ ಪಾಠ ಮಾಡುವವಳು. ಬರೆಯುವುದು ನನ್ನ ಪಾಲಿನದು ಎಂದು ಯಾವತ್ತೋ ತೀರ್ಮಾನವಾಗಿತ್ತು.

ಇವರು ಕೆರೆಕೋಡಿ ಯುನೈಟೆಡ್ ಎಂಬ ಫುಟ್‌ಬಾಲ್ ತಂಡಕ್ಕೆ ನಾಲ್ಕು ವರ್ಷ ಕೋಚ್ ಆಗಿದ್ದರು. ತಂಡದ ಮಾಲೀಕರು ವೆಂಕಟರಾಮಯ್ಯನವರು. ಮೈದಾನ ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲ. ಅಲ್ಲಾಳಸಂದ್ರದಲ್ಲಿ ನಾವಿರುವ ಮನೆಯೂ ಅವರದೇ. ಅವರು ಕೆಳಗೆ, ನಾವು ಮೇಲೆ. ಗೇಟಿನ ಚಿಲಕ ಬೀಳುವ ಸದ್ದಿನಿಂದಲೇ ಮಾಲೀಕರು ಯಾವ ಮನಸ್ಸಿನಲ್ಲಿ ಬಂದರು ಎಂದು ಗೊತ್ತಾಗುವಷ್ಟು ನಾನು ಕಿವಿ ಕೊಟ್ಟು ಬದುಕಿದ್ದೆ.

ಆ ಭಾನುವಾರ ಸೆಮಿಫೈನಲ್. ಮಾಲೀಕರ ಮಗಳು ನಯನಾಳಿಗೆ ಗಂಡು ಗೊತ್ತಾಗಿತ್ತು. ಬೀಗರ ಕಡೆಯವರು ಶಾಮಿಯಾನದ ಕೆಳಗೆ ಕೂತಿದ್ದರು. ನಾನೂ ಹಿಂದಿನ ಸಾಲಿನಲ್ಲಿದ್ದೆ. ಆಟ ಶುರುವಾಗಿ ಅರ್ಧ ಗಂಟೆಯಾಗಿತ್ತು. ಡಿಫೆನ್ಸಿನಲ್ಲಿ ಆಡುವ ಮುನೇಶ ಚೆಂಡಿಗೆ ತಲೆ ಕೊಡಲು ಹಾರಿ, ಎದುರಾಳಿಯ ತಲೆಗೆ ಬಡಿದುಕೊಂಡು ಬಿದ್ದ. ಎದ್ದವನು ನಡೆದುಹೋಗಿ ಎದುರು ತಂಡದವರ ನಡುವೆ ನಿಂತುಕೊಂಡ. ನಮ್ಮ ಹುಡುಗರು ನಕ್ಕರು. ಇವರು ನಗಲಿಲ್ಲ. ಅವನನ್ನು ಹೊರಗೆ ಕರೆದು ಕೂರಿಸಿದರು.

ಮಾಲೀಕರು ಪಂಚೆ ಎತ್ತಿಕಟ್ಟಿಕೊಂಡು ಗೆರೆಯವರೆಗೂ ಬಂದರು. "ಮಕಕ್ಕೆ ನೀರ್ ಉಯ್ದು ಒಳಕ್ ಬುಡಿ ಅವನ್ನ. ಅವನಿಲ್ದೆ ಏನ್ ಆಡ್ತೀರ?"

ಆ ಹುಡುಗ ಇವತ್ತು ಆಡುವುದಿಲ್ಲ ಎಂದರು ಇವರು.

"ಮೇಷ್ಟ್ರೇ, ನನ್ ಜಮೀನು, ನನ್ ಟೀಮು. ನಾನ್ ಏಳ್ದಂಗೆ ಆಡ್ಬೇಕು."

"ಜಮೀನ ನಿಮ್ದು ಖರೆ ಸಾಹೇಬ್ರ. ಹುಡುಗನ ತಲಿ ನಿಮ್ದಲ್ರಿ."

ಶಾಮಿಯಾನದಲ್ಲಿ ಯಾರೋ ನಕ್ಕರು. ಮಾಲೀಕರು ಇವರನ್ನು ನೋಡಲಿಲ್ಲ. ತಿರುಗಿ, ನಕ್ಕದ್ದು ಬೀಗರಲ್ಲಿ ಯಾರೆಂದು ನೋಡಿದರು. ಪಂದ್ಯ ಎರಡು ಗೋಲಿನಿಂದ ಸೋತೆವು.

ದಿನವೂ ಕೆಳಗಿನ ಮನೆಯಿಂದ ಬರುತ್ತಿದ್ದ ಕರಿಬೇವು ಎರಡು ದಿನ ಬರಲಿಲ್ಲ. ಮೂರನೆಯ ದಿನ ಮಾಲೀಕರ ಪತ್ರ ಬಂತು: ನಡೆದದ್ದಕ್ಕೆ ಮೂರು ದಿನದೊಳಗೆ ಲಿಖಿತ ವಿವರಣೆ ಕೊಡಬೇಕು. ಅಷ್ಟರಲ್ಲಿ ಡಾಕ್ಟರು ಮುನೇಶನಿಗೆ ಮೂರು ವಾರ ಚೆಂಡು ಮುಟ್ಟಬೇಡ ಎಂದಿದ್ದರು. ಉತ್ತರ ಬರೆಯೋಣ ಎಂದೆ. "ನಾ ಏನ್ ತಪ್ಪ ಮಾಡೀನಿ ಅಂತ ಬರೀಲಿ?" ಎಂದು ಇವರು ಊಟದ ತಟ್ಟೆ ಎತ್ತಿಕೊಂಡು ಎದ್ದರು.

ನಮ್ಮ ಕಾಲೇಜಿನಲ್ಲೂ ಮೆಮೊ ಬರುತ್ತದೆ. ವಿಷಾದಿಸುತ್ತೇನೆ, ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ ಎಂದು ನಾಲ್ಕು ಸಾಲು ಬರೆದರೆ ಅದು ಫೈಲಿಗೆ ಹೋಗುತ್ತದೆ, ಫೈಲು ಬೀರುವಿಗೆ. ಮಾರನೆಯ ದಿನ ಪ್ರಿನ್ಸಿಪಾಲರ ಜೊತೆಯೇ ಟೀ ಕುಡಿಯುತ್ತೇವೆ. ನಾನೇ ಅಂಥವು ನಾಲ್ಕು ಬರೆದಿದ್ದೇನೆ. ಎಲ್ಲರ ಬಳಿಯೂ ಅಂಥದೊಂದು ಬೀರು ಇರುತ್ತದೆ ಎಂದುಕೊಂಡೆ.

ಇವರು ಬೆಳಗಿನ ಅಭ್ಯಾಸಕ್ಕೆ ಹೋದಾಗ ಕೂತು ಬರೆದೆ. ಮೊದಲು, ಎಲ್ಲರೆದುರು ಆಡಿದ ಮಾತಿಗೆ ವಿಷಾದವಿದೆ ಎಂದು ಬರೆದಿದ್ದೆ. ಮಾಲೀಕರಿಗೆ ಆ ನಗು ಮತ್ತೆ ನೆನಪಾದೀತು ಎಂದು ಅಂಜಿ ಹೊಡೆದುಹಾಕಿದೆ. ಆ ಜಾಗದಲ್ಲಿ ಬರೆದದ್ದು: "ಮುನೇಶನನ್ನು ಹೊರಗೆ ಕರೆದದ್ದು ನನ್ನ ಅವಸರದ ನಿರ್ಧಾರವಾಗಿತ್ತು." ಎರಡು ಸಲ ಓದಿದೆ. ಯಾರಿಗೂ ಚುಚ್ಚದ ವಾಕ್ಯ ಅನ್ನಿಸಿತು.

ಶಾಲೆಯ ಬಸ್ಸಿನ ಎರಡು ಫಾರಂಗಳ ನಡುವೆ ಅದನ್ನು ಇಟ್ಟೆ. ಇವರು ಶೂ ಬಿಚ್ಚುತ್ತಾ "ಎಲ್ಲಿ?" ಎಂದರು. ನಾನು ಬೆರಳಿಟ್ಟು ತೋರಿಸಿದೆ. ಮೂರಕ್ಕೂ ಸಹಿ ಬಿತ್ತು.

ಪತ್ರವನ್ನು ಮಾಲೀಕರ ಹೆಂಡತಿ ವೆಂಕಟಲಕ್ಷ್ಮಮ್ಮನವರ ಕೈಗೆ ಕೊಟ್ಟೆ. ಅವರು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡರು. "ಒಳ್ಳೇದ್ ಮಾಡ್ದೆ ಕಣಮ್ಮ. ಇವ್ರಿಗೆ ಒಂದ್ ಕಾಗ್ದ ಸಿಕ್ಬುಟ್ರೆ ಸಾಕು, ತಣ್ಣಗಾಯ್ತಾರೆ."

ಮರುದಿನ ಸಂಜೆ ಮಾಲೀಕರು ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ ಪತ್ರವನ್ನು ಗಟ್ಟಿಯಾಗಿ ಓದಿಸಿದರಂತೆ. ತಂಡ ಸೋತದ್ದು ತಮ್ಮ ಅವಸರದಿಂದ ಎಂದು ಕೋಚ್ ತಾವೇ ಬರೆದುಕೊಟ್ಟಿರುವುದರಿಂದ ಅವರನ್ನು ಕೆಲಸದಿಂದ ತೆಗೆಯಲಾಗಿದೆ ಎಂದರಂತೆ. ಅವರ ತಮ್ಮನ ಮಗ ಶರತ್ ಹೊಸ ಕೋಚ್. ಪತ್ರದ ಫೋಟೊ ಮೊದಲು ಕ್ಲಬ್ಬಿನ ಗ್ರೂಪಿಗೆ, ಆಮೇಲೆ ಊರಿನ ಎಲ್ಲ ಕ್ಲಬ್ಬುಗಳ ಗ್ರೂಪಿಗೂ ಹೋಯಿತು. ಇನ್ನು ಯಾರೂ ಇವರನ್ನು ಕರೆಯುವುದಿಲ್ಲ.

ಇವರು ಮನೆಗೆ ಬಂದು ಸೀಟಿಯನ್ನು ಟೀವಿಯ ಮೇಲಿಟ್ಟರು. ಬರೆದದ್ದು ನಾನು, ನೀವಲ್ಲ ಎಂದು ಅವರಿಗೆ ಹೇಳಿದಿರಾ ಎಂದು ಕೇಳಿದೆ.

"ನಾನ ಬರದೀನಿ ಅಂದೆ."

ಯಾಕೆ ಎಂದೆ.

"ಸಹಿ ನಂದೈತಲ್ಲ, ಕೀರ್ತಿ."

ಬೈದಿದ್ದರೆ ಒಳ್ಳೆಯದಿತ್ತು.

ಶನಿವಾರ ಮುನೇಶ ಬಂದ. ನಾಳೆ ಮೂರನೇ ಸ್ಥಾನಕ್ಕೆ ಪಂದ್ಯ, ಶರತ್ ತನ್ನನ್ನು ಆಟಕ್ಕೆ ಇಳಿಸುತ್ತಿದ್ದಾನೆ ಎಂದು ಹೇಳಿದ. ಬೇಡ, ಡಾಕ್ಟರ ಮಾತು ಕೇಳು ಎಂದು ಇವರು ಎರಡು ಸಲ ಹೇಳಿದರು. ಮುನೇಶ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದ.

"ನೀವೇ ಬರ್ದಿದೀರಲ್ಲ ಸರ್, ಅವಸರ ಮಾಡ್ದೆ ಅಂತ. ಅಂದ್ರೆ ನಂಗೇನೂ ಆಗಿರ್ಲಿಲ್ಲ ತಾನೆ?"

ಅದರಲ್ಲಿ ಕುಹಕವಿರಲಿಲ್ಲ. ಅವನಿಗೆ ನಿಜಕ್ಕೂ ತಿಳಿಯಬೇಕಿತ್ತು. ಇವರು ನನ್ನ ಕಡೆ ನೋಡಿದರು. ಆ ಸಾಲು ನನ್ನದೆಂದು ಇವರು ಹೇಳಲಾರರು, ನಾನೇ ಹೇಳಬೇಕಿತ್ತು. ಅದೇ ಹೊತ್ತಿಗೆ ಕೆಳಗೆ ಗೇಟಿನ ಚಿಲಕ ಬಿತ್ತು, ಮಾಲೀಕರು ಕೆಮ್ಮುತ್ತಾ ಒಳಗೆ ಬಂದರು. ಕೆಲಸ ಹೋಯಿತು, ಮನೆಯಾದರೂ ಉಳಿಯಲಿ ಎಂದು ನನ್ನ ತಲೆ ತಾನಾಗಿ ಲೆಕ್ಕ ಹಾಕಿತು. ನಾನು ಬಾಯಿ ತೆರೆದು, ಟೀ ಕುಡಿಯುತ್ತೀಯಾ ಎಂದು ಕೇಳಿದೆ.

"ಬೇಡ ಅಕ್ಕ, ಬರ್ತೀನಿ" ಎಂದು ಅವನು ಮೆಟ್ಟಿಲಿಳಿದ.

ಭಾನುವಾರ ನಾವು ಮನೆಯಲ್ಲೇ ಇದ್ದೆವು. ಮೈದಾನದ ಸೀಟಿ ನಮ್ಮ ಅಡುಗೆಮನೆಯವರೆಗೂ ಕೇಳುತ್ತದೆ. ಸಂಜೆ ವೆಂಕಟಲಕ್ಷ್ಮಮ್ಮನವರು ಕರಿಬೇವು ಹಿಡಿದು ಮೇಲೆ ಬಂದರು. ನಮ್ಮ ಹುಡುಗರು ಗೆದ್ದರು, ಮುನೇಶ ಪೂರ್ತಿ ಆಟ ಆಡಿದ ಎಂದರು. "ತಮಾಸೆ ಕಣಮ್ಮ ಅವನ್ದು. ಆಟ ಮುಗುದ್ಮೇಲೆ, ತನ್ ಮನೆ ಯಾವ್ ಕಡೆ ಅಂತ ಕೇಳ್ತಿದ್ನಂತೆ ಎಲ್ಲಾರ್‌ನೂವೆ. ನಕ್ಕೂ ನಕ್ಕೂ ಸಾಕಾಯ್ತಂತೆ."

ಇವರು ಚಪ್ಪಲಿ ಮೆಟ್ಟಲು ಮರೆತು ಬೈಕಿನ ಕೀಲಿ ಎತ್ತಿಕೊಂಡರು.

ಇವರು ಮುನೇಶನನ್ನು ಆಸ್ಪತ್ರೆಗೆ ಕರೆದೊಯ್ದು ಫೋನ್ ಮಾಡಿದರು. ನಾನು ಆಟೋದಲ್ಲಿ ಅಲ್ಲಿಗೆ ಸೇರಿದಾಗ ಅವನನ್ನು ಒಳಗೆ ಒಯ್ದಿದ್ದರು. ತಲೆಯೊಳಗೆ ರಕ್ತ ನಿಂತಿದೆ, ತೆರೆಯಬೇಕು, ಆಮೇಲೆ ಹೇಗಿರುತ್ತಾನೋ ಈಗಲೇ ಹೇಳಲಾಗದು ಎಂದರು ಡಾಕ್ಟರು. ಅವನ ತಾಯಿ ಮುನಿನಾರಾಯಣಮ್ಮನವರಿಗೆ ಓದು ಬರಹ ಬಾರದು. ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಅವರು ಹೆಬ್ಬೆಟ್ಟು ಒತ್ತಬೇಕಿತ್ತು, ಸಾಕ್ಷಿಗೆ ಇವರು ಸಹಿ ಮಾಡಬೇಕಿತ್ತು. ನರ್ಸ್ ಕೊಟ್ಟ ಫಾರಂ ಅನ್ನು ಎಂದಿನಂತೆ ನಾನೇ ತುಂಬಿದೆ. ಹೆಸರು, ವಯಸ್ಸು ಇಪ್ಪತ್ತೆರಡು, ವಿಳಾಸ. ತಾಯಿಯ ಹೆಬ್ಬೆಟ್ಟಾದ ಮೇಲೆ, ಸಹಿಯ ಜಾಗಕ್ಕೆ ಬೆರಳಿಟ್ಟು ಇವರ ಮುಂದೆ ಹಿಡಿದೆ.

ಇವರು ನನ್ನ ಬೆರಳನ್ನು ಮೆಲ್ಲಗೆ ಸರಿಸಿದರು. ಕಾಗದವನ್ನು ದೀಪದ ಕಡೆ ತಿರುಗಿಸಿಕೊಂಡು, ಮೊದಲ ಸಾಲಿನಿಂದ ಓದತೊಡಗಿದರು. ನರ್ಸ್ ಬೇಗ ಬೇಗ ಎನ್ನುತ್ತಿದ್ದರೂ ಒಂದು ಸಾಲನ್ನೂ ಬಿಡಲಿಲ್ಲ. ನಾನು ಪೆನ್ನು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ.